ಅರವತ್ತೈದು ಮಿಲಿಮೀಟರಿನ ಹಂಗು

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಗ್ರೌಂಡ್ ಗ್ಲಾಸಿನ ಮೇಲೆ ಬೆಳಕು ಮೂಡುತ್ತದೆ. ಮಾಮೂಲಿ ಫೀಲ್ಡ್ ಕ್ಯಾಮೆರಾದಲ್ಲಾದರೆ ತಲೆಕೆಳಗಾದ ಒಂದು ಲೋಕ. ಸ್ಟೀರಿಯೊ ಕ್ಯಾಮೆರಾದಲ್ಲಿ ಎರಡು. ನಡುವೆ ಬೆಲ್ಲೋಸಿನ ಉದ್ದಕ್ಕೂ ಕಪ್ಪು ತೆರೆಯೊಂದು ನಿಂತಿರುತ್ತದೆ, ಅದರ ಆಚೆಗೊಂದು ಈಚೆಗೊಂದು ಚಿತ್ರ. ಅದೇ ಮರ, ಅದೇ ಗೋಡೆ, ಅದೇ ಬಾವಿಕಟ್ಟೆ. ಎರಡೂ ಒಂದೇ ಅಲ್ಲವೇ ಅಂದುಕೊಳ್ಳುತ್ತಿರುವಾಗಲೇ, ಬಾವಿಯ ರಾಟೆ ಒಂದು ಚಿತ್ರದಲ್ಲಿ ಹಿಂದಿನ ಕಿಟಕಿಯ ಸರಳಿಗೆ ತಾಗಿದೆ, ಇನ್ನೊಂದರಲ್ಲಿ ತಾಗಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಇಷ್ಟೇ ಇಷ್ಟು ವ್ಯತ್ಯಾಸ. ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಮೂಡಿಸುವ ಈ ಕಲೆಯ ಇಡೀ ಬಂಡವಾಳ ಅದು.

ಇಂಥ ಕ್ಯಾಮೆರಾ ಅಂಗಡಿಯ ಶೋಕೇಸಿನಲ್ಲಿ ಕೂತಿರುವುದಿಲ್ಲ. ಹಳೆಯದನ್ನು ಹುಡುಕಬೇಕು, ಇಲ್ಲವೇ ಒಳ್ಳೆಯ ಬಡಗಿಯೊಬ್ಬನ ಸ್ನೇಹ ಬೆಳೆಸಿ ಕಟ್ಟಿಸಿಕೊಳ್ಳಬೇಕು. ಹಾಗಾಗಿ ಈ ಹವ್ಯಾಸದಲ್ಲಿ ಚಿತ್ರ ತೆಗೆಯುವ ಸುಖ ಎಷ್ಟೋ ಸಲಕರಣೆ ಆರಿಸುವ ಸುಖವೂ ಅಷ್ಟೇ. ಕೆಲವರಿಗೆ ಎರಡನೆಯದೇ ಹೆಚ್ಚು. ಅಂಥವರನ್ನು ನಾನು ಬೈಯುವುದಿಲ್ಲ. ಆದರೆ ಹೆಚ್ಚಿನವರು ಕ್ಯಾಮೆರಾದಿಂದ ಶುರುಮಾಡುತ್ತಾರೆ. ಅದಕ್ಕೆ ಲೆನ್ಸ್ ಹುಡುಕುತ್ತಾರೆ, ಚಿತ್ರ ತೆಗೆಯುತ್ತಾರೆ, ಎಲ್ಲ ಮುಗಿದ ಮೇಲೆ ಇದನ್ನು ನೋಡುವುದು ಹೇಗಪ್ಪಾ ಎಂದು ತಲೆ ಕೆರೆದುಕೊಳ್ಳುತ್ತಾರೆ. ನನ್ನ ಪ್ರಕಾರ ದಾರಿ ತಿರುಗಾಮುರುಗಾ ಆಗಬೇಕು. ನೋಡುವ ಪೆಟ್ಟಿಗೆ ಮೊದಲು, ಅದಕ್ಕೊಪ್ಪುವ ಲೆನ್ಸ್ ಆಮೇಲೆ, ಕ್ಯಾಮೆರಾ ಎಲ್ಲಕ್ಕಿಂತ ಕೊನೆಗೆ.

ಕಾರಣ ನಮ್ಮ ಮುಖದ ಮೇಲೇ ಇದೆ. ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 65 ಮಿಲಿಮೀಟರ್. ಒಬ್ಬರಿಗೆ ಕೆಲವು ಮಿಲಿಮೀಟರ್ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ, ಅಷ್ಟೇ. ಆದರೆ ದೊಡ್ಡ ಫಿಲ್ಮಿನ ಈ ಲಾರ್ಜ್ ಫಾರ್ಮ್ಯಾಟ್ ಅನ್ನುವುದು ಶುರುವಾಗುವುದೇ 4×5 ಇಂಚಿನ ಫಿಲ್ಮಿನಿಂದ. 5 ಇಂಚು ಅಂದರೆ 127 ಮಿಲಿಮೀಟರ್. ಅಂಥ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಅವುಗಳ ನಡುಬಿಂದುಗಳ ಅಂತರ ಕಣ್ಣುಗಳ ಅಂತರದ ಹೆಚ್ಚುಕಡಿಮೆ ಎರಡರಷ್ಟು. ಅವೆರಡನ್ನೂ ಒಟ್ಟಿಗೆ ನೋಡಲು ಕಣ್ಣುಗುಡ್ಡೆಗಳು ಹೊರಕ್ಕೆ ತಿರುಗಬೇಕು. ಅದು ಆಗದ ಮಾತು. ಫಿಲ್ಮನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿಕೊಳ್ಳಬಹುದು, ಮುಖವನ್ನು ಮಾಡಿಕೊಳ್ಳಲಾಗುವುದಿಲ್ಲ. ಈ ಸಲಕರಣೆಯಲ್ಲಿ ಬರುವ ಪ್ರತಿಯೊಂದು ಜಗಳವೂ ಈ ಎರಡು ಅಳತೆಗಳ ನಡುವಿನದು.

ಹಾಗಿದ್ದ ಮೇಲೆ ದೊಡ್ಡ ಫಿಲ್ಮಿನ ಉಸಾಬರಿ ಏಕೆ? ಚಿಕ್ಕಂದಿನಲ್ಲಿ ವ್ಯೂ-ಮಾಸ್ಟರ್ ನೋಡಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಆ ದುಂಡು ತಟ್ಟೆಯಲ್ಲಿ ಉಗುರಿನಷ್ಟಗಲದ ಏಳು ಜೋಡಿ ಚಿತ್ರಗಳು. ಆಳ ಬೇಕಾದಷ್ಟು ಇತ್ತು, ಆದರೆ ಆ ಆಳದಲ್ಲಿರುವ ವಸ್ತುವಿಗೆ ಮೈ ಇರಲಿಲ್ಲ. ಬಂಡೆ ಮುಂದಕ್ಕೆ ಬಂದು ನಿಂತರೂ ಅದರ ಮೇಲಿನ ಹಾವಸೆ ಕಾಣುತ್ತಿರಲಿಲ್ಲ. ಇದರ ತದ್ವಿರುದ್ಧ ತುದಿಯಲ್ಲಿರುವುದು 1850-60ರ ದಶಕಗಳಲ್ಲಿ ಪ್ಯಾರಿಸ್ಸಿನ ಫೆರಿಯೆ ಮತ್ತು ಸೂಲಿಯೆ ಮಾಡುತ್ತಿದ್ದ ಗಾಜಿನ ಸ್ಟೀರಿಯೊ ಚಿತ್ರಗಳು. ಮೊಟ್ಟೆಯ ಬಿಳಿಯಲ್ಲಿ ಕೂರಿಸಿದ ಬೆಳ್ಳಿ, ಕಣವೆನ್ನುವುದೇ ಇಲ್ಲ. ಬೆಳಕಿಗೆ ಹಿಡಿದರೆ ಸೇತುವೆಯ ಕಲ್ಲುಸಂದಿಯಲ್ಲಿ ಬೆಳೆದ ಹುಲ್ಲಿನ ಎಳೆಗಳೂ ಒಂದರ ಹಿಂದೊಂದು ನಿಲ್ಲುತ್ತವೆ. ಒಂಟಿ ಚಿತ್ರದಲ್ಲಿ ಪೊದೆ ಬರೀ ಗೋಜಲು. ಇಲ್ಲಿ ಪ್ರತಿ ಕಡ್ಡಿಗೂ ತನ್ನದೇ ಜಾಗ ಇದೆ. ವಿವರ ಮತ್ತು ಆಳ ಎರಡೂ ಒಟ್ಟಿಗೆ ಸಿಕ್ಕಾಗ ಹುಟ್ಟುವ ರಸ ಬೇರೆ. ಒಮ್ಮೆ ಅದರ ರುಚಿ ಹತ್ತಿದವರು ಚಿಕ್ಕ ಫಿಲ್ಮಿಗೆ ಮರಳುವುದು ಕಷ್ಟ.

ಈಗ ನೋಡುವ ಪೆಟ್ಟಿಗೆಗೆ ಬರೋಣ. ಇದರ ಇತಿಹಾಸದಲ್ಲಿ ಒಂದು ತಮಾಷೆ ಇದೆ: ನೋಡುವ ಸಾಧನ ಹುಟ್ಟಿದ್ದು ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗುವುದಕ್ಕಿಂತ ಮೊದಲು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ರಾಯಲ್ ಸೊಸೈಟಿಯ ಮುಂದೆ ಸ್ಟೀರಿಯೊಸ್ಕೋಪ್ ಇಟ್ಟಾಗ ಅದರಲ್ಲಿ ನೋಡಲು ಕೈಯಲ್ಲಿ ಬರೆದ ರೇಖಾಚಿತ್ರಗಳಷ್ಟೇ ಇದ್ದವು. ಡಾಗೇರ್ ಮತ್ತು ಟಾಲ್ಬಟ್ ತಮ್ಮ ವಿಧಾನಗಳನ್ನು ಬಹಿರಂಗಪಡಿಸಿದ್ದು ಮರುವರ್ಷ. ವೀಟ್‌ಸ್ಟನ್ನನ ಉಪಕರಣ ನೋಡಲು ತೀರಾ ಸರಳ. ಮೂಗಿನ ಮುಂದೆ ಎರಡು ಕನ್ನಡಿ ಲಂಬಕೋನದಲ್ಲಿ ಕೂಡಿರುತ್ತವೆ. ಎಡಗೈ ಕಡೆ ಒಂದು ಚಿತ್ರ, ಬಲಗೈ ಕಡೆ ಒಂದು ಚಿತ್ರ, ಎರಡೂ ಮುಖಾಮುಖಿ. ಎಡಗಣ್ಣು ಎಡಗನ್ನಡಿಯಲ್ಲಿ ಎಡಚಿತ್ರವನ್ನೂ ಬಲಗಣ್ಣು ಬಲಗನ್ನಡಿಯಲ್ಲಿ ಬಲಚಿತ್ರವನ್ನೂ ನೋಡುತ್ತದೆ. ಚಿತ್ರದ ಅಗಲಕ್ಕೆ ಇಲ್ಲಿ ಮಿತಿಯೇ ಇಲ್ಲ. 4×5 ಇರಲಿ, 8×10 ಇರಲಿ, ಕನ್ನಡಿ ದೊಡ್ಡದಾದರೆ ಸಾಕು. ದೊಡ್ಡ ಫಿಲ್ಮಿನವರಿಗೆ ಸುಮಾರು ಇನ್ನೂರು ವರ್ಷ ಹಳೆಯ ಈ ಉಪಾಯವೇ ಇವತ್ತಿಗೂ ಉತ್ತಮ. ಒಂದೇ ತೊಡಕು, ಕನ್ನಡಿ ಎಡಬಲ ಮಾಡುತ್ತದೆ. ಸ್ಲೈಡ್ ಫಿಲ್ಮ್ ಆದರೆ ಮಗುಚಿ ಇಟ್ಟರೆ ಆಯಿತು. ಕಾಗದದ ಪ್ರಿಂಟ್ ಆದರೆ ಮುದ್ರಿಸುವಾಗಲೇ ನೆಗೆಟಿವನ್ನು ಮಗುಚಬೇಕು. ಕನ್ನಡಿಯೂ ಮುಂಭಾಗಕ್ಕೇ ಲೇಪವಿರುವಂಥದ್ದು ಬೇಕು. ಮನೆಯ ಕನ್ನಡಿ ಹಾಕಿದರೆ ಗಾಜಿನ ಮುಖದ್ದೊಂದು ಹಿಂಬದಿಯದ್ದೊಂದು ಎಂದು ಎರಡು ಬಿಂಬ ಬಂದು ವಿವರವೆಲ್ಲ ಮಸುಕಾಗುತ್ತದೆ.

ನಾಲ್ಕು ಕನ್ನಡಿಯ ಇನ್ನೊಂದು ಸಾಧನ ನಮ್ಮಲ್ಲಿ ಭೂವಿಜ್ಞಾನ ಓದಿದವರಿಗೆಲ್ಲ ಗೊತ್ತು. ವಿಮಾನದಿಂದ ತೆಗೆದ 23 ಸೆಂಟಿಮೀಟರ್ ಚದರದ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಕಾಲುಳ್ಳ ಆ ಮಿರರ್ ಸ್ಟೀರಿಯೊಸ್ಕೋಪಿನಲ್ಲಿ ಬಗ್ಗಿ ನೋಡುತ್ತಾ ಹಳ್ಳ, ದಿಣ್ಣೆ, ಬಂಡೆಗಳ ಮುರಿತ ಗುರುತಿಸುವುದು ಪ್ರಾಯೋಗಿಕ ಪಾಠಗಳಲ್ಲಿ ಒಂದು. ಕಾಲೇಜಿನ ಪ್ರಯೋಗಶಾಲೆಯ ಬೀರುಗಳಲ್ಲಿ ಇವು ಈಗ ಧೂಳು ಹೊದ್ದು ಕೂತಿರುತ್ತವೆ. ದೊಡ್ಡ ಪ್ರಿಂಟುಗಳ ಜೋಡಿಗೆ ಇವು ಹೇಳಿ ಮಾಡಿಸಿದಂತಿವೆ, ಎಡಬಲದ ತಾಪತ್ರಯವೂ ಇಲ್ಲ. ಆದರೆ ಕನ್ನಡಿಗಳ ನಡುವೆ ಬೆಳಕು ಸುತ್ತಿ ಬರಬೇಕಾದ್ದರಿಂದ ಚಿತ್ರ ಕಣ್ಣಿನಿಂದ ದೂರವಾಗಿಬಿಡುತ್ತದೆ. ಅದರ ಪರಿಣಾಮ ಏನು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಕೈಯಲ್ಲಿ ಹಿಡಿಯುವ ಹೋಮ್ಸ್ ಮಾದರಿ. ಅಮೆರಿಕದ ವೈದ್ಯ, ಪ್ರಬಂಧಕಾರ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ಇದನ್ನು ರೂಪಿಸಿ ಪೇಟೆಂಟ್ ಮಾಡಿಸದೆ ಬಿಟ್ಟುಕೊಟ್ಟ. ಮರದ ಹಿಡಿ, ಕಣ್ಣಿನ ಮೇಲೆ ಕೂರುವ ಮರೆ, ಹಿಂದೆ ಮುಂದೆ ಜಾರುವ ಅಡ್ಡಪಟ್ಟಿ, ಅದರ ಮೇಲೆ ಮೂರೂವರೆ ಇಂಚು ಎತ್ತರ, ಏಳು ಇಂಚು ಅಗಲದ ಕಾರ್ಡು. ಇದರ ಜಾಣತನವೆಲ್ಲ ಗಾಜಿನಲ್ಲಿದೆ. ಇವು ಬರೀ ಭೂತಗನ್ನಡಿಗಳಲ್ಲ, ಮೂಗಿನ ಕಡೆ ತೆಳ್ಳಗೆ, ಕಿವಿಯ ಕಡೆ ದಪ್ಪ. ಭೂತಗನ್ನಡಿಯ ಜೊತೆಗೆ ಪ್ರಿಸಮ್ಮಿನ ಕೆಲಸವನ್ನೂ ಮಾಡಿ, ಕಣ್ಣಿಗಿಂತ ಅಗಲವಾಗಿ ನಿಂತ ಚಿತ್ರಗಳನ್ನು ಒಳಕ್ಕೆ ಎಳೆದು ಒಂದು ಮಾಡುತ್ತವೆ. ಇದಕ್ಕೂ ಮುಂಚೆ, 1849ರಲ್ಲಿ, ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ತನ್ನ ಪೆಟ್ಟಿಗೆಗೆ ಒಂದೇ ಲೆನ್ಸನ್ನು ನಡುವೆ ಕೊಯ್ದು ಎರಡು ಹೋಳು ಮಾಡಿ ಬಳಸುವ ಉಪಾಯ ಹೇಳಿದ್ದ. ಒಂದೇ ಗಾಜಿನ ಎರಡು ಹೋಳುಗಳಾದ್ದರಿಂದ ಅವುಗಳ ಶಕ್ತಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಬರುವಂತಿಲ್ಲ. ಜೋಡಿ ಸಲಕರಣೆ ಆರಿಸುವವರೆಲ್ಲ ನೆನಪಿಡಬೇಕಾದ ಬುದ್ಧಿವಂತಿಕೆ ಇದು. ಈ ಬಗೆಯ ಪೆಟ್ಟಿಗೆಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ. ಕ್ವೀನ್ ತಂಡದ ಗಿಟಾರ್ ವಾದಕ, ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಬ್ರಯನ್ ಮೇ, 1854ರಷ್ಟು ಹಿಂದಿನ ಲಂಡನ್ ಸ್ಟೀರಿಯೊಸ್ಕೋಪಿಕ್ ಕಂಪನಿಯ ಹೆಸರಿಗೆ ಮರುಜೀವ ಕೊಟ್ಟು, ಮಡಚಿಡಬಹುದಾದ ಔಲ್ ಎಂಬ ಪುಟ್ಟ ಪೆಟ್ಟಿಗೆ ಮಾಡಿ ಮಾರುತ್ತಿದ್ದಾನೆ. ಪ್ಲಾಸ್ಟಿಕ್ಕಿನದಾದರೂ ಕೆಲಸ ಚೆನ್ನಾಗಿದೆ.

ಪೆಟ್ಟಿಗೆ ಲೆನ್ಸನ್ನು ತೀರ್ಮಾನಿಸುವುದು ಹೀಗೆ. ಚಿತ್ರ ತೆಗೆದ ಲೆನ್ಸಿನ ಫೋಕಲ್ ಲೆಂತ್ ಮತ್ತು ನೋಡುವ ಗಾಜಿನ ಫೋಕಲ್ ಲೆಂತ್ ಒಂದೇ ಆಗಿದ್ದರೆ, ನಕಲನ್ನು ಹಿಗ್ಗಿಸದೆ ಕಾಂಟ್ಯಾಕ್ಟ್ ಪ್ರಿಂಟ್ ಮಾಡಿದರೆ, ವಸ್ತುಗಳೆಲ್ಲ ಸ್ಥಳದಲ್ಲಿ ನಿಂತಾಗ ಕಂಡ ಪ್ರಮಾಣದಲ್ಲೇ ಕಾಣುತ್ತವೆ. ನೋಡುವ ದೂರ ಹೆಚ್ಚಾದರೆ ಆಳ ಹಿಂದಕ್ಕೆ ಜಗ್ಗುತ್ತದೆ: ದುಂಡು ಕಂಬ ಅಂಡಾಕಾರವಾಗುತ್ತದೆ, ಮನುಷ್ಯರ ಮೂಗು ಉದ್ದವಾಗುತ್ತದೆ. ಕಡಿಮೆಯಾದರೆ ಎಲ್ಲವೂ ಚಪ್ಪಟೆ. ಹೋಮ್ಸ್ ಪೆಟ್ಟಿಗೆಯ ಗಾಜು ಸುಮಾರು 200 ಮಿಲಿಮೀಟರಿನ ಆಸುಪಾಸು. ಅಂದರೆ ಕ್ಯಾಮೆರಾಕ್ಕೆ 150ರಿಂದ 200ರೊಳಗಿನ ಜೋಡಿ ಸಾಕು. ತುಸು ಜಗ್ಗುವಿಕೆಯನ್ನು ಕಣ್ಣು ಕ್ಷಮಿಸುತ್ತದೆ. 90 ಮಿಲಿಮೀಟರಿನ ವೈಡ್ ಲೆನ್ಸ್ ಜೋಡಿ ಸೋವಿಯಾಗಿ ಸಿಕ್ಕಿತೆಂದು ಕೊಂಡರೆ ಅದನ್ನು ನೋಡಲು ಬೇರೆ ಪೆಟ್ಟಿಗೆಯೇ ಬೇಕು.

ಇನ್ನು ಜೋಡಿಯ ವಿಚಾರ. ಲೆನ್ಸಿನ ಮೇಲೆ 150 ಎಂದು ಕೊರೆದಿದ್ದರೆ ಅದು ನಿಖರವಾಗಿ 150 ಎಂದು ನಂಬಬೇಡಿ. ತಯಾರಿಕೆಯಲ್ಲಿ ನೂರಕ್ಕೆ ಒಂದರಷ್ಟು ಆಚೀಚೆ ಆಗುವುದು ಸಹಜ. ಒಂಟಿ ಲೆನ್ಸಿನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಜೋಡಿಯಲ್ಲಿ ಹಾಗಲ್ಲ. ಒಂದು ಚಿತ್ರ ಇನ್ನೊಂದಕ್ಕಿಂತ ಶೇಕಡಾ ಒಂದರಷ್ಟು ದೊಡ್ಡದಾದರೆ, ನಡುವಿನಿಂದ 60 ಮಿಲಿಮೀಟರ್ ಮೇಲಿರುವ ಗೋಪುರದ ತುದಿ ಎರಡೂ ಕಡೆ 0.6 ಮಿಲಿಮೀಟರ್ ಎತ್ತರ ತಗ್ಗಿನಲ್ಲಿ ಬೀಳುತ್ತದೆ. ಅಡ್ಡಡ್ಡ ವ್ಯತ್ಯಾಸ ಕಣ್ಣಿಗೆ ಹಬ್ಬ, ಅದರಿಂದಲೇ ಆಳ ಹುಟ್ಟುತ್ತದೆ. ಮೇಲೆ ಕೆಳಗಿನ ವ್ಯತ್ಯಾಸ ಕಣ್ಣಿಗೆ ಹಿಂಸೆ. ಏನು ತಪ್ಪೆಂದು ತಿಳಿಯದೆಯೇ ನೋಡುವವರ ಹುಬ್ಬು ಗಂಟಿಕ್ಕುತ್ತದೆ, ಸ್ವಲ್ಪ ಹೊತ್ತಿಗೆ ತಲೆನೋವು. ಆದ್ದರಿಂದ ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ಎರಡನ್ನೂ ಒಂದೇ ಹಲಗೆಗೆ ಕೂರಿಸಿ, ದೂರದ ನೀರಿನ ಟ್ಯಾಂಕೋ ಮೊಬೈಲ್ ಟವರೋ ಏನಾದರೊಂದಕ್ಕೆ ಫೋಕಸ್ ಮಾಡಿ, ಗ್ರೌಂಡ್ ಗ್ಲಾಸಿನ ಮೇಲೆ ಅದರ ಬುಡಕ್ಕೊಂದು ತುದಿಗೊಂದು ಮೊನಚು ಪೆನ್ಸಿಲಿನಿಂದ ಗುರುತು ಹಾಕಿ. ಎಡದ ಬಿಂಬವನ್ನು ಅಳೆಯಿರಿ, ಬಲದ್ದನ್ನು ಅಳೆಯಿರಿ. ಭೂತಗನ್ನಡಿ ಇಟ್ಟು ನೋಡಿದರೂ ಒಂದೇ ಅಳತೆ ಬಂದರೆ ಸಂಖ್ಯೆ, ಕಂಪನಿ, ವಯಸ್ಸು ಯಾವುದನ್ನೂ ಕೇಳದೆ ಜೇಬಿಗೆ ಕೈ ಹಾಕಿ. ಸೀರಿಯಲ್ ನಂಬರ್ ಪಕ್ಕಪಕ್ಕದ್ದಾದರೆ ಹೊಂದುವ ಸಂಭವ ಹೆಚ್ಚು, ಆದರೆ ಖಾತರಿ ಕೊಡುವುದು ಅಳತೆ ಮಾತ್ರ.

ಗಾತ್ರವೂ ಮುಖ್ಯ. ಎರಡು ಲೆನ್ಸ್ ಹತ್ತಿರ ಹತ್ತಿರ ಕೂರಬೇಕಾದರೆ ಅವುಗಳ ಶಟರಿನ ಅಗಲ ಅಡ್ಡ ಬರಬಾರದು. ಈಗ ತಯಾರಿಕೆ ನಿಂತುಹೋಗಿರುವ, ಆದರೆ ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುವ ಕೋಪಾಲ್ ಶಟರುಗಳಲ್ಲಿ 0 ನಂಬರಿನದು ಸುಮಾರು 60 ಮಿಲಿಮೀಟರ್ ಅಗಲ, 1 ನಂಬರಿನದು 70 ದಾಟುತ್ತದೆ, 3 ನಂಬರಿನದು 100. ಕಣ್ಣಿನಷ್ಟೇ ಅಂತರ ಬೇಕೆಂದರೆ 0 ಒಂದೇ ಗತಿ. ಅದೃಷ್ಟಕ್ಕೆ 150ರ ಒಳ್ಳೆಯ ಲೆನ್ಸುಗಳಲ್ಲಿ ಹಲವು ಈ ಶಟರಿನಲ್ಲೇ ಬರುತ್ತವೆ: ಶ್ನೈಡರ್‌ನ ಸಿಮ್ಮಾರ್-ಎಸ್, ರೋಡೆನ್‌ಸ್ಟಾಕ್‌ನ ಸಿರೋನಾರ್-ಎನ್. ನನ್ನ ಆಯ್ಕೆ ಇವೆರಡೂ ಅಲ್ಲ, ಶ್ನೈಡರ್‌ನದೇ ಜಿ-ಕ್ಲಾರಾನ್. ಅದರ ಪೂರ್ತಿ ತೆರೆದ ಅಪರ್ಚರ್ ಎಫ್/9. ಗ್ರೌಂಡ್ ಗ್ಲಾಸ್ ಮಬ್ಬಾಗಿ ಕಾಣುತ್ತದೆ, ಸಂಜೆ ಹೊತ್ತು ಫೋಕಸ್ ಮಾಡುವಾಗ ತಾಳ್ಮೆ ಬೇಕು. ಆದರೆ ಅಂಗೈಯಲ್ಲಿ ಎರಡು ಹಿಡಿಯುವಷ್ಟು ಪುಟ್ಟದು, ಹಗುರ. ಎಫ್/5.6ಕ್ಕೆ ದುಡ್ಡು ಸುರಿದು ಪ್ರಯೋಜನವೂ ಇಲ್ಲ, ಏಕೆಂದರೆ ಸ್ಟೀರಿಯೊದಲ್ಲಿ ಆ ಅಪರ್ಚರಿನಲ್ಲಿ ಯಾರೂ ಚಿತ್ರ ತೆಗೆಯುವುದಿಲ್ಲ.

ಹಿನ್ನೆಲೆ ಮಸುಕು ಮಾಡಿ ಮುಖ ಎತ್ತಿ ತೋರಿಸುವ ಚಮತ್ಕಾರ ಒಂಟಿಗಣ್ಣಿನ ಕ್ಯಾಮೆರಾದ್ದು. ಜೋಡಿಚಿತ್ರದೊಳಗೆ ಕಣ್ಣು ಅಲೆಯುತ್ತದೆ. ಎಲ್ಲಿಗೆ ಹೋದರೂ ಅಲ್ಲಿ ಸ್ಪಷ್ಟವಾಗಿರಬೇಕು. ಮುಂದಿನ ಕೊಂಬೆ ಮಸುಕಾಗಿದ್ದರೆ ಕಣ್ಣು ಅದನ್ನು ಸರಿಪಡಿಸಲು ಹೆಣಗಿ ಸೋಲುತ್ತದೆ. ಇಲ್ಲಿ ಒಂದು ಲೆಕ್ಕ ಇದೆ, ಅದು ಕೂಡಿಬರುವ ರೀತಿ ನನಗೆ ಯಾವಾಗಲೂ ಖುಷಿ ಕೊಡುತ್ತದೆ. 5×7 ಇಂಚಿನ ಫಿಲ್ಮನ್ನು ನಡುವೆ ಭಾಗ ಮಾಡಿದರೆ ಎರಡು ಅರ್ಧಗಳ ನಡುಬಿಂದುಗಳ ಅಂತರ 89 ಮಿಲಿಮೀಟರ್. ಲೆನ್ಸುಗಳನ್ನು ಅಷ್ಟೇ ಅಂತರದಲ್ಲಿ ಇಡದೆ ಸ್ವಲ್ಪ ಒಳಕ್ಕೆ ಸರಿಸಿ 84ಕ್ಕೆ ಕೂರಿಸಿ. ಸ್ಟೀರಿಯೊದವರ ಹಳೆಯ ಸೂತ್ರದ ಪ್ರಕಾರ ಅತಿ ಹತ್ತಿರದ ವಸ್ತು ಲೆನ್ಸುಗಳ ಅಂತರದ 30 ಪಟ್ಟು ದೂರವಿರಬೇಕು: 84ರ 30 ಪಟ್ಟು ಅಂದರೆ ಎರಡೂವರೆ ಮೀಟರ್. 150ರ ಲೆನ್ಸನ್ನು 5 ಮೀಟರಿಗೆ ಫೋಕಸ್ ಮಾಡಿ ಎಫ್/45ಕ್ಕೆ ಮುಚ್ಚಿದರೆ ಎಲ್ಲಿಂದ ದಿಗಂತದವರೆಗೆ ಸ್ಪಷ್ಟ? ಎರಡೂವರೆ ಮೀಟರಿನಿಂದ. ಲೆನ್ಸುಗಳನ್ನು 5 ಮಿಲಿಮೀಟರ್ ಒಳಕ್ಕೆ ಸರಿಸಿದ್ದರಿಂದ ಎರಡು ಚಿತ್ರಗಳ ಚೌಕಟ್ಟು ಯಾವ ದೂರದಲ್ಲಿ ಒಂದಾಗಿ, ಕಿಟಕಿಯಂತೆ ನಿಂತು ಒಳಗಿನ ದೃಶ್ಯವನ್ನು ತೋರಿಸುತ್ತದೆ? ಅದೂ ಎರಡೂವರೆ ಮೀಟರ್. ಮೂರು ಬೇರೆ ಬೇರೆ ಬೇಡಿಕೆಗಳು ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಲೆನ್ಸ್ ಹಲಗೆಗೆ ತೂತು ಕೊರೆಯುವ ಬಡಗಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಅಳತೆ ಸರಿಯಾಗಿ ಕೊಟ್ಟರೆ ಸಾಕು.

ಎಫ್/45ಕ್ಕೆ ಬೆಲೆ ತೆರಬೇಕಾಗುತ್ತದೆ. ನೂರು ಐಎಸ್‌ಒ ಫಿಲ್ಮಿನಲ್ಲಿ ನೆತ್ತಿಯ ಬಿಸಿಲಿದ್ದರೂ ಶಟರ್ ವೇಗ ಸೆಕೆಂಡಿನ ಹನ್ನೆರಡನೇ ಒಂದು ಭಾಗದ ಹತ್ತಿರ. ಗಾಳಿಗೆ ಎಲೆ ಅಲ್ಲಾಡುತ್ತದೆ. ಎರಡು ಶಟರ್ ಒಟ್ಟಿಗೆ ತೆರೆದುಕೊಳ್ಳದಿದ್ದರೆ ಎಡಚಿತ್ರದ ಎಲೆ ಒಂದು ಕಡೆ, ಬಲಚಿತ್ರದ ಎಲೆ ಇನ್ನೊಂದು ಕಡೆ. ನೋಡುವಾಗ ಆ ಎಲೆ ಮರ ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ಕವಲು ಕೇಬಲ್ ರಿಲೀಸ್ ಹಾಕಿ ಎರಡನ್ನೂ ಒಟ್ಟಿಗೆ ಒತ್ತಬಹುದು, ಆದರೆ ಹಳೆಯ ಶಟರುಗಳಲ್ಲಿ ಒಂದು ಚುರುಕು ಇನ್ನೊಂದು ಸೋಮಾರಿ. ಇಂಗ್ಲೆಂಡಿನ ಥಾರ್ನ್‌ಟನ್-ಪಿಕಾರ್ಡ್ ಕಂಪನಿ ನೂರು ವರ್ಷಕ್ಕೂ ಹಿಂದೆ ಇದಕ್ಕೆ ಕೊಟ್ಟ ಪರಿಹಾರ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಎರಡೂ ಲೆನ್ಸಿನ ಮುಂದೆ ಅಡ್ಡಲಾಗಿ ಮಹಾಗನಿಯ ಒಂದೇ ಪೆಟ್ಟಿಗೆ, ಅದರೊಳಗೆ ಸುರುಳಿ ಸುತ್ತಿದ ಒಂದೇ ಕಪ್ಪು ಪರದೆ. ದಾರ ಎಳೆದು ಬಿಗಿಮಾಡಿ, ರಬ್ಬರ್ ಬುರುಡೆ ಒತ್ತಿದರೆ ಪರದೆ ಸರ್ರನೆ ಸರಿಯುತ್ತದೆ. ಪರದೆ ಒಂದೇ ಆದ್ದರಿಂದ ಎರಡು ಕಣ್ಣೂ ಒಟ್ಟಿಗೆ ತೆರೆಯಲೇಬೇಕು. ಹೊಂದಿಸುವ ಪ್ರಶ್ನೆಯೇ ಇಲ್ಲ. ಅದಕ್ಕೂ ಹಿಂದಿನವರು ಎರಡು ಲೆನ್ಸಿಗೂ ಸೇರಿಸಿ ಒಂದೇ ಮುಚ್ಚಳ ಮಾಡಿಕೊಂಡು, ತೆಗೆದು, ಮನಸ್ಸಿನಲ್ಲೇ ಎಣಿಸಿ, ಹಾಕುತ್ತಿದ್ದರು. ಅರ್ಧ ಸೆಕೆಂಡಿಗಿಂತ ಹೆಚ್ಚಿನ ಎಕ್ಸ್‌ಪೋಜರಿಗೆ ಇವತ್ತಿಗೂ ಅದು ಸಾಕು.

ಕ್ಯಾಮೆರಾದ ಸರದಿ ಈಗ ಬಂತು. ಎರಡು 4×5 ಕ್ಯಾಮೆರಾಗಳನ್ನು ಒಂದು ಪಟ್ಟಿಯ ಮೇಲೆ ಪಕ್ಕಪಕ್ಕ ಬಿಗಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಕ್ಯಾಮೆರಾದ ಮೈ ಅಗಲದಿಂದಾಗಿ ಲೆನ್ಸುಗಳ ಅಂತರ 180 ಮಿಲಿಮೀಟರಿನ ಹತ್ತಿರ ಹೋಗುತ್ತದೆ. ಅಂದರೆ ಐದೂವರೆ ಮೀಟರಿನೊಳಗೆ ಏನೂ ಇರುವಂತಿಲ್ಲ, ದೂರದ ಬೆಟ್ಟವೋ ದಸರಾ ಗೊಂಬೆಗಳ ಮೆಟ್ಟಿಲ ಮೇಲೆ ಇಟ್ಟ ಮಣ್ಣಿನ ಬೆಟ್ಟದಷ್ಟು ಕಿರಿದಾಗಿ ಕಾಣುತ್ತದೆ. ಕೆಲವರಿಗೆ ಅದು ಇಷ್ಟ. ನನಗಿಲ್ಲ. ಹತ್ತಿರದ ವಸ್ತುವಿಗಾಗಿ ಎರಡು ಕ್ಯಾಮೆರಾಗಳನ್ನು ಒಳಮುಖವಾಗಿ ಓರೆ ತಿರುಗಿಸುವವರೂ ಇದ್ದಾರೆ, ದಯವಿಟ್ಟು ಬೇಡ. ಓರೆಯಾದ ಕೂಡಲೇ ಒಂದು ಚಿತ್ರದ ಎಡ ಅಂಚು ಹಿಗ್ಗುತ್ತದೆ, ಇನ್ನೊಂದರ ಬಲ ಅಂಚು ಹಿಗ್ಗುತ್ತದೆ, ಮತ್ತೆ ಅದೇ ಮೇಲೆ ಕೆಳಗಿನ ಹಿಂಸೆ. ವ್ಯೂ ಕ್ಯಾಮೆರಾ ಕೊಂಡಿರುವುದೇ ಶಿಫ್ಟ್ ಮಾಡಲು. ಲೆನ್ಸನ್ನು ನೇರವಾಗಿಯೇ ಇಟ್ಟು ಎರಡು ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿಸಿದರೆ ಕೆಲಸ ಮುಗಿಯಿತು.

ನನ್ನ ತೀರ್ಪು 5×7ರ ಒಂದೇ ಮರದ ಕ್ಯಾಮೆರಾದ ಪರ: ಒಂದು ಹಲಗೆ, ಎರಡು ಲೆನ್ಸ್, ನಡುವೆ ತೆರೆ. ಒಂದೇ ಫಿಲ್ಮಿನಲ್ಲಿ ಎರಡೂ ಚಿತ್ರ ಬೀಳುವುದರಿಂದ ತೊಳೆಯುವಾಗಲೂ ಎರಡಕ್ಕೂ ಒಂದೇ ರಾಸಾಯನಿಕ, ಒಂದೇ ಹೊತ್ತು, ಒಂದೇ ಛಾಯೆ. ಕಾರ್ಡಿನ ಎತ್ತರ ಮೂರೂವರೆ ಇಂಚು, ಫಿಲ್ಮಿನದು 5. ಮೇಲೆ ಕೆಳಗೆ ಎಷ್ಟು ಬಿಡಬೇಕೆಂದು ಮನೆಗೆ ಬಂದ ಮೇಲೆ ನಿಧಾನವಾಗಿ ತೀರ್ಮಾನಿಸಬಹುದು. ವಿದೇಶದಿಂದ ತರಿಸಲಾರದವರು ನಮ್ಮ ಕಡೆಯ ಹಳೆಯ ಸ್ಟುಡಿಯೋಗಳ ಅಟ್ಟ ಹುಡುಕಬೇಕು. ಕೇರಳದ ಅಲೆಪ್ಪಿಯಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಒಂದು ಕಾಲಕ್ಕೆ ದೇಶದ ಸ್ಟುಡಿಯೋಗಳಿಗೆಲ್ಲ ಪರಿಚಿತ; ತೇಗದ ಮೈ, ಹಿತ್ತಾಳೆಯ ಕಟ್ಟು. ಹಾಫ್ ಪ್ಲೇಟ್ ಅಳತೆಯದು ಸಿಕ್ಕರೆ ಅದರ ಆರೂವರೆ ಇಂಚಿನ ಅಗಲವನ್ನು ಎರಡು ಭಾಗ ಮಾಡಿ ಸ್ಟೀರಿಯೊಕ್ಕೆ ಒಗ್ಗಿಸಬಹುದು. ಬೆಲ್ಲೋಸಿನ ಮೂಲೆಗಳಲ್ಲಿ ತೂತಿದೆಯೇ ಎಂದು ಒಳಗೆ ಟಾರ್ಚ್ ಇಟ್ಟು ನೋಡಿಕೊಳ್ಳಿ. ಅಭ್ಯಾಸಕ್ಕೆ ಆಸ್ಪತ್ರೆಗಳಿಗೆ ಸರಬರಾಜಾಗುವ ಎಕ್ಸ್-ರೇ ಫಿಲ್ಮ್ ಕತ್ತರಿಸಿಕೊಳ್ಳಬಹುದು, ಅಗ್ಗ. ಆದರೆ ಎರಡೂ ಮುಖಕ್ಕೆ ಲೇಪವಿರುವುದರಿಂದ ಗೀರು ಬೀಳುವುದು ಬೇಗ, ವಿವರವೂ ತುಸು ಮೊಂಡು. ಟ್ರೈಪಾಡ್ ಗಟ್ಟಿಯಿರಲಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

8×10ರ ಆಸೆ ಹುಟ್ಟುತ್ತದೆ, ಗೊತ್ತು. ಆಗ 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಗೆ ಹೋದದ್ದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋದ 18×22 ಇಂಚಿನ ಗಾಜಿನ ಪ್ಲೇಟುಗಳಲ್ಲಿ ಆತ ತಂದದ್ದು 30 ಚಿತ್ರ, ಜೊತೆಗಿದ್ದ ಸ್ಟೀರಿಯೊ ಕ್ಯಾಮೆರಾದಲ್ಲಿ ಸುಮಾರು 100. ಪುಟ್ಟ ಲೆನ್ಸಿಗೆ ಇನ್ನೊಂದು ವರವೂ ಇತ್ತು. ದೊಡ್ಡ ಕ್ಯಾಮೆರಾದ ದೀರ್ಘ ಎಕ್ಸ್‌ಪೋಜರಿನಲ್ಲಿ ಬೀದಿಯಲ್ಲಿ ನಡೆದವರೆಲ್ಲ ಅಳಿಸಿಹೋಗಿ ಊರು ಬಿಕೋ ಎನ್ನುತ್ತಿದ್ದ ಕಾಲದಲ್ಲಿ, 1859ರಲ್ಲಿ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಎಡ್ವರ್ಡ್ ಆಂಟನಿ, ಎಡಿನ್‌ಬರೊದ ಪ್ರಿನ್ಸಸ್ ಸ್ಟ್ರೀಟಿನಲ್ಲಿ ಜಾರ್ಜ್ ವಾಷಿಂಗ್ಟನ್ ವಿಲ್ಸನ್, ನಡೆಯುವ ಜನರನ್ನೂ ಓಡುವ ಗಾಡಿಗಳನ್ನೂ ಇದ್ದಲ್ಲೇ ಹಿಡಿದು ನಿಲ್ಲಿಸಿದ್ದು ಸ್ಟೀರಿಯೊ ಕ್ಯಾಮೆರಾದ ಚಿಕ್ಕ ಫೋಕಲ್ ಲೆಂತಿನ ಲೆನ್ಸುಗಳಿಂದ.

ನೆಗೆಟಿವ್ ಕೈಗೆ ಬಂದ ಮೇಲೆ ಒಂದು ಶಾಸ್ತ್ರ ಉಳಿದಿರುತ್ತದೆ. ಲೆನ್ಸ್ ಪ್ರತಿಯೊಂದು ಚಿತ್ರವನ್ನೂ ತಲೆಕೆಳಗು ಮಾಡಿದೆ. ಇಡೀ ಪ್ರಿಂಟನ್ನು ತಿರುಗಿಸಿ ನೆಟ್ಟಗೆ ಮಾಡಿದಾಗ ಚಿತ್ರಗಳೇನೋ ಸರಿಯಾಗುತ್ತವೆ, ಆದರೆ ಎಡಗಣ್ಣಿನದು ಬಲಕ್ಕೆ, ಬಲಗಣ್ಣಿನದು ಎಡಕ್ಕೆ ಹೋಗಿರುತ್ತದೆ. ಹಾಗೇ ನೋಡಿದರೆ ಉಬ್ಬು ತಗ್ಗಾಗುತ್ತದೆ, ತಗ್ಗು ಉಬ್ಬಾಗುತ್ತದೆ. ಕಂಬದ ಹಿಂದಿನ ಗೋಡೆ ಕಂಬಕ್ಕಿಂತ ಮುಂದೆ ಬಂದು ಕೂತು ಮೆದುಳು ಗಲಿಬಿಲಿಯಾಗುತ್ತದೆ. ಕತ್ತರಿ ತೆಗೆದುಕೊಂಡು ಪ್ರಿಂಟನ್ನು ನಡುವೆ ಕತ್ತರಿಸಿ, ಜಾಗ ಅದಲುಬದಲು ಮಾಡಿ ಅಂಟಿಸಬೇಕು. ಅಂಟು ಹಚ್ಚುವ ಮುನ್ನ ಒಮ್ಮೆ ಪೆಟ್ಟಿಗೆಯಲ್ಲಿಟ್ಟು ನೋಡಿ. ಎರಡು ಚೂರು ಕಾಗದ ಇದ್ದಕ್ಕಿದ್ದಂತೆ ಒಂದು ಕೋಣೆಯಾಗಿ ತೆರೆದುಕೊಳ್ಳುವ ಆ ಕ್ಷಣಕ್ಕೆ, ಎಷ್ಟು ಸಲ ನೋಡಿದರೂ, ಬಾಯಿಂದ ಒಂದು ಉದ್ಗಾರ ಬರದೆ ಇರುವುದಿಲ್ಲ.

ಈ ಕ್ಯಾಮೆರಾಕ್ಕೆ ಕರ್ನಾಟಕದಲ್ಲಿ ಹೇಳಿ ಮಾಡಿಸಿದ ಜಾಗ ಯಾವುದು ಎಂದು ಕೇಳಿದರೆ, ನಾನು ಬೆಟ್ಟ ಜಲಪಾತ ಹೇಳುವುದಿಲ್ಲ, ಬೇಲೂರು-ಹಳೇಬೀಡು ಅನ್ನುತ್ತೇನೆ. ಅಲ್ಲಿನ ಗುಡಿಗಳ ನಕ್ಷತ್ರಾಕಾರದ ತಳವಿನ್ಯಾಸದಲ್ಲಿ ಗೋಡೆ ಒಂದು ಅಡಿ ಮುಂದೆ ಒಂದು ಅಡಿ ಹಿಂದೆ ಮಡಚುತ್ತಾ ಹೋಗುವುದು ಒಂಟಿ ಚಿತ್ರದಲ್ಲಿ ಬರೀ ನೆರಳಿನ ಪಟ್ಟೆಯಾಗಿ ಕಾಣುತ್ತದೆ. ಬ್ರಿಟಿಷ್ ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಇಲ್ಲಿಗೆ ಬಂದು ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಈ ಗುಡಿಗಳನ್ನು ಹಿಡಿದ. 1855ರ ಮದ್ರಾಸ್ ಪ್ರದರ್ಶನದಲ್ಲಿ ಅವು ಮೆಚ್ಚುಗೆ ಗಳಿಸಿದವು. ಮುಂದೆ ಮದ್ರಾಸ್ ಸರ್ಕಾರದ ಛಾಯಾಗ್ರಾಹಕನಾದ ಮೇಲೆ ಆತ ತಿರುಚಿರಾಪಳ್ಳಿ, ತಂಜಾವೂರು, ಮಧುರೆಗಳ ಸ್ಟೀರಿಯೊ ಚಿತ್ರಗಳನ್ನೂ ತೆಗೆದು ಸಂಪುಟ ಮಾಡಿದ. ಆ ಜೋಡಿಗಣ್ಣಿನಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯನ್ನು ನೋಡುವ ಆಸೆ ನನ್ನದು.

ಒಳಗೆ ಹೋದರೆ ಇನ್ನೂ ಒಂದು ಸೋಜಿಗ. ಕಡಚಲು ಹಿಡಿದಂತೆ ತಿರುಗಿಸಿ ನುಣುಪು ಮಾಡಿದ ಬಳಪದ ಕಲ್ಲಿನ ಕಂಬಗಳು ಬಾಗಿಲ ಬೆಳಕಿಗೆ ಮಿನುಗುತ್ತವೆ. ಆ ಮಿನುಗು ಎಡಗಣ್ಣಿಗೆ ಕಂಬದ ಒಂದು ಜಾಗದಲ್ಲಿ, ಬಲಗಣ್ಣಿಗೆ ಸ್ವಲ್ಪ ಸರಿದು ಇನ್ನೊಂದು ಜಾಗದಲ್ಲಿ ಬೀಳುತ್ತದೆ. ಒಂದೇ ಬಿಂದು ಒಂದು ಕಣ್ಣಿಗೆ ಬೆಳಕು, ಇನ್ನೊಂದಕ್ಕೆ ಕತ್ತಲು. ಈ ತಕರಾರನ್ನೇ ಮೆದುಳು ಹೊಳಪು ಎಂದು ಓದುತ್ತದೆ. ಜರ್ಮನಿಯ ಭೌತವಿಜ್ಞಾನಿ ಹೈನ್‌ರಿಷ್ ಡೋವ್ ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಗಮನಿಸಿ ಬರೆದಿದ್ದ. ಒಂಟಿ ಚಿತ್ರದಲ್ಲಿ ಹೊಳಪು ಅಂದರೆ ಕಲ್ಲಿನ ಮೇಲೊಂದು ಬಿಳಿ ಕಲೆ ಮಾತ್ರ. ಜೋಡಿಚಿತ್ರದಲ್ಲಿ ಕಲ್ಲು ಎಣ್ಣೆ ಸವರಿದಷ್ಟು ನಿಜವಾಗಿ ಹೊಳೆಯುತ್ತದೆ. ಇಲ್ಲಿ ಜೋಡಿ ಲೆನ್ಸೂ ಬೇಡ: ಎಕ್ಸ್‌ಪೋಜರ್ ಹೇಗೂ ದೀರ್ಘ, ಕಲ್ಲು ಅಲ್ಲಾಡುವುದಿಲ್ಲ, ಒಂದೇ 4×5 ಕ್ಯಾಮೆರಾವನ್ನು ಜಾರುಪಟ್ಟಿಯ ಮೇಲೆ 65 ಮಿಲಿಮೀಟರ್ ಸರಿಸಿ ಎರಡು ಸಲ ತೆಗೆದರೆ ಆಯಿತು. ಬೇಕಾಗಿರುವುದು ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ, ಮತ್ತು ನಡುವೆ ಸೆಲ್ಫಿಗೆ ನಿಲ್ಲದ ಪ್ರವಾಸಿಗರು. ಎರಡನೆಯದು ಹೆಚ್ಚು ಕಷ್ಟ.

ಇಷ್ಟೆಲ್ಲ ಓದಿ ಮನಸ್ಸಾಗಿದ್ದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಈಗಲೇ ದುಡ್ಡು ಕಳಿಸಬೇಡಿ. ಮೊದಲು ಹೋಮ್ಸ್ ಮಾದರಿಯ ಒಂದು ಪೆಟ್ಟಿಗೆ ಮತ್ತು ನಾಲ್ಕಾರು ಹಳೆಯ ಕಾರ್ಡು ತರಿಸಿಕೊಂಡು, ಮನೆಯವರೆಲ್ಲ ಕೂತು ಕೆಲವು ವಾರ ನೋಡಿ. ಆಮೇಲೆ ಹಗಲು ಹೊತ್ತಿನಲ್ಲಿ ಕಿಟಕಿಗೆ ಎದುರಾದ ಗೋಡೆಯ ಹತ್ತಿರ ಪೆಟ್ಟಿಗೆಯ ಗಾಜನ್ನು ಹಿಡಿದು, ಹೊರಗಿನ ದೂರದ ಮರದ ಬಿಂಬ ಗೋಡೆಯ ಮೇಲೆ ಸ್ಪಷ್ಟವಾದಾಗ ಗಾಜಿನಿಂದ ಗೋಡೆಗೆ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಲೆನ್ಸ್ ಹುಡುಕಲು ಹೊರಡಿ.